ರೋಗಿಗೆ ಮೊದಲೇ ತಿಳಿಸತಕ್ಕದ್ದು

ನಮ್ಮ ನರ್ಸಿಂಗ್ ಶಾಲೆಯ ದಾಸ್ತಾನು ಪುಸ್ತಕದಲ್ಲಿ ‘ಶಿಶು, ಮರದ್ದು, ಒಂದು’ ಎಂಬ ನಮೂದು ಇತ್ತು. ಆ ಶಿಶುವನ್ನು ಮಾಡಿದವರು ನಮ್ಮ ತಂದೆ. ಚನ್ನಪಟ್ಟಣದಲ್ಲಿ ಜೀವಮಾನವೆಲ್ಲ ಲೇತಿನ ಮುಂದೆ ಕೂತು ಹಾಲೆ ಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿದವರು. ರಾಮನಗರದ ಖಾಸಗಿ ಶಾಲೆಯೊಂದರಲ್ಲಿ ನಾನು ಪಾಠ ಹೇಳಲು ಸೇರಿದ ಹೊಸದರಲ್ಲಿ, ಎಳೆಮಗುವಿಗೆ ಸ್ನಾನ ಮಾಡಿಸುವುದನ್ನು ಕಲಿಸೋಣವೆಂದರೆ ಅಲ್ಲಿ ಒಂದು ಬೊಂಬೆಯೂ ಇಲ್ಲ ಎಂದು ಅವರ ಮುಂದೆ ಗೊಣಗಿದ್ದೆ. ಹದಿನೈದು ದಿನದಲ್ಲಿ ಬೊಂಬೆ ಬಂತು. ಆ ಹೊತ್ತಿಗೆ ಕಾರ್ಖಾನೆಯಲ್ಲಿ ಮಿಕ್ಕಿದ್ದುದು ಅರಿಶಿನ ಬಣ್ಣದ ಅರಗು ಮಾತ್ರವಂತೆ. ಹೀಗಾಗಿ ನಮ್ಮ ಶಿಶು ಹುಟ್ಟಿನಿಂದಲೇ ಕಾಮಾಲೆ ಪೀಡಿತ. ವರ್ಷ ವರ್ಷವೂ ಬಂದ ಹುಡುಗಿಯರೆಲ್ಲ ಮೊದಲ ದಿನವೇ, ನಾನು ಬಾಯಿ ತೆರೆಯುವ ಮುಂಚೆ, ರೋಗನಿರ್ಣಯ ಮಾಡಿ ಮುಗಿಸುತ್ತಿದ್ದರು.

ಒದ್ದೆಯಾದರೆ ಆ ಶಿಶು ಮೀನಿನಂತೆ ಜಾರುತ್ತಿತ್ತು. ನನ್ನ ಕಾಲದಲ್ಲಿ ಅದು ಏಳೆಂಟು ಬಾರಿ ನೆಲಕ್ಕೆ ಬಿದ್ದಿದೆ. ಮೊಣಕಾಲಿನ ಹತ್ತಿರ ಒಂದಿಷ್ಟು ಬಣ್ಣ ಹೋದದ್ದು ಬಿಟ್ಟರೆ ಬೇರೆ ಅಪಾಯವಾಗಲಿಲ್ಲ. ನಿಜವಾದ ಶಿಶುಗಳಿಗೆ ಈ ಅನುಕೂಲ ಇಲ್ಲವೆಂದು ಪ್ರತಿ ಸಲವೂ ನೆನಪಿಸುವುದು ನನ್ನ ಕರ್ತವ್ಯವಾಗಿತ್ತು.

ಸ್ನಾನಕ್ಕೆ ಮೊದಲು ಇನ್ನೊಂದು ವಿಧಿ ಇತ್ತು. ಹುಡುಗಿ ಬಗ್ಗಿ, ಮರದ ಶಿಶುವಿನ ಮುಖ ನೋಡಿ, ಗಟ್ಟಿಯಾಗಿ ಹೇಳಬೇಕು: “ಪುಟ್ಟಾ, ಈಗ ನಿನಗೆ ಸ್ನಾನ ಮಾಡಿಸ್ತೀನಿ. ನೀರು ಬೆಚ್ಚಗಿದೆ. ಹೆದರ್ಬೇಡ.” ಸುತ್ತ ನಿಂತವರು ಸೆರಗು, ಕರ್ಚೀಫು, ಕೈಗೆ ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನಾವು ಕಲಿಸುವ ಯಾವುದೇ ಪ್ರೊಸೀಜರ್ ತೆಗೆದುಕೊಳ್ಳಿ, ಹಾಸಿಗೆ ಬದಲಿಸುವುದರಿಂದ ಹಿಡಿದು ಮೂಗಿನಲ್ಲಿ ಟ್ಯೂಬು ಇಳಿಸುವವರೆಗೆ, ಎಲ್ಲದರ ಮೊದಲ ಹಂತ ಒಂದೇ: ಏನು ಮಾಡುತ್ತೇವೆಂದು ರೋಗಿಗೆ ಮೊದಲೇ ತಿಳಿಸತಕ್ಕದ್ದು. ಮರೆತವರಿಗೆ ಎರಡು ಅಂಕ ಕಡಿತ. ಉಳಿದದ್ದನ್ನು ದೇವತೆಗಳಂತೆ ಮಾಡಿದರೂ ಆ ಎರಡು ಅಂಕ ಹೋಯಿತೆಂದರೆ ಹೋಯಿತು. “ಕೈ ನಿಮ್ಮದಿರಬಹುದು, ಮೈ ಅವರದು” ಎನ್ನುತ್ತಿದ್ದೆ. ಬೆನ್ನ ಹಿಂದೆ ನನಗೆ ‘ಎರಡು ಮಾರ್ಕ್ಸ್ ಮೇಡಂ’ ಎಂಬ ಬಿರುದು ಇತ್ತು. ಬಿರುದುಗಳನ್ನು ತಿರಸ್ಕರಿಸುವಷ್ಟು ಅಹಂಕಾರ ನನಗಿಲ್ಲ.

ನಿಜ ಹೇಳಬೇಕೆಂದರೆ ಮೊದಲು ಆ ಹಂತಕ್ಕೆ ನಾನು ಇಟ್ಟಿದ್ದು ಒಂದೇ ಅಂಕ. ಎರಡಾದದ್ದು ನನ್ನ ಯಜಮಾನರು ತೀರಿಕೊಂಡ ವರ್ಷ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಹತ್ತೇ ದಿನದ ಕಾಯಿಲೆಯಲ್ಲಿ ಹೋದರು. ಮಗಳಿಗೆ ಆಗ ಆರು ವರ್ಷ. ಆ ಹತ್ತು ದಿನವೂ ಡಾಕ್ಟರು ಬಂದು ನನ್ನ ಮೈದುನನನ್ನು ಕಾರಿಡಾರಿಗೆ ಕರೆದು ಪಿಸುಪಿಸು ಮಾತಾಡಿ ಹೋಗುತ್ತಿದ್ದರು. ನಾನು ನರ್ಸು, ಚಾರ್ಟಿನಲ್ಲಿ ಬರೆದದ್ದು ಓದಲು ಬರುತ್ತಿತ್ತು. ಆದರೆ ಆವತ್ತು ನಾನು ನಿಂತದ್ದು ಹೆಂಡತಿ ನಿಲ್ಲುವ ಜಾಗದಲ್ಲಿ, ಹಾಸಿಗೆಯ ತಲೆಯ ಕಡೆ. ಆ ಜಾಗದಲ್ಲಿ ನಿಂತವರಿಗೆ ಯಾರೂ ಏನೂ ಹೇಳುವುದಿಲ್ಲ. ಹಾಸಿಗೆಯಲ್ಲಿದ್ದ ಯಜಮಾನರಿಗೂ ಹೇಳಲಿಲ್ಲ. ‘ಏನಂತೆ?’ ಎಂದು ನನ್ನನ್ನೇ ಕೇಳುತ್ತಿದ್ದರು. ಹದಿಮೂರು ದಿನ ಕಳೆದು ಕೆಲಸಕ್ಕೆ ಹೋದ ಮೊದಲ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಅಂಕಗಳ ಪಟ್ಟಿಯಲ್ಲಿ ಒಂದನ್ನು ಹೊಡೆದು ಎರಡು ಮಾಡಿದ್ದು.

ಇಷ್ಟು ದೊಡ್ಡ ತತ್ವಜ್ಞಾನಿಯಾದ ನಾನು ಮುಂದೆ ಏನು ಮಾಡಿದೆ ಎಂಬುದೇ ಈ ಬರಹದ ವಿಷಯ.

ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ಆದರೆ ಆಗುವ ಲಕ್ಷಣಗಳೆಲ್ಲ ಕಾಣಿಸಿಕೊಂಡಿದ್ದವು. ಮೈಸೂರು ರಸ್ತೆಯನ್ನು ಅಗಲ ಮಾಡುವ ಗದ್ದಲದಲ್ಲಿ ನಮ್ಮ ಶಾಲೆಯ ಕಾಂಪೌಂಡಿನ ಮುಂಭಾಗ ಹೋಗಿತ್ತು. ಕೆಳಗಿನ ಮಳಿಗೆಯಲ್ಲಿ ಮೊದಲು ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ ಮಾರುತ್ತಿದ್ದರು. ಬಿಡದಿಯ ಕಡೆ ಕಾರ್ಖಾನೆಗಳು ಎದ್ದ ಮೇಲೆ ಅದೇ ಮನುಷ್ಯ ಹೆಲ್ಮೆಟ್ಟು, ಕಬ್ಬಿಣದ ಮೂತಿಯ ಬೂಟು ಮಾರತೊಡಗಿದ. ಬೆಳಗಾದರೆ ಕಂಪನಿ ಬಸ್ಸುಗಳು ಬಂದು ಊರಿನ ಅರ್ಧ ಗಂಡಸರನ್ನು ಬಳಿದುಕೊಂಡು ಹೋಗುತ್ತಿದ್ದವು. ರೇಷ್ಮೆ ಗೂಡಿನ ಮಾರುಕಟ್ಟೆ ತನ್ನ ಪಾಡಿಗೆ ತಾನಿತ್ತು, ನೂಲು ತೆಗೆಯುವ ಮನೆಗಳ ವಾಸನೆಯೂ ತನ್ನ ಪಾಡಿಗೆ ತಾನಿತ್ತು. ಅದರ ನಡುವೆ, ಮಳೆಗಾಲದ ಅಣಬೆಗಳಿಗೂ ನಾಚಿಕೆಯಾಗುವಂತೆ, ನರ್ಸಿಂಗ್ ಶಾಲೆಗಳ ಬೋರ್ಡುಗಳು ಎದ್ದವು. ಶಾಲೆಗಳು ಹೆಚ್ಚಿದಂತೆ ನಿಯಮಗಳೂ ಹೆಚ್ಚಿದವು. ಡಿಪ್ಲೊಮಾ ಮಾತ್ರ ಮಾಡಿದವರು ಇನ್ನು ಮುಂದೆ ಪಾಠ ಹೇಳುವಂತಿಲ್ಲ, ಡಿಗ್ರಿ ಬೇಕು ಎಂದಾಯಿತು. ನಾನು ಡಿಪ್ಲೊಮಾ ಮಾತ್ರ ಮಾಡಿದವಳು.

ನಮ್ಮ ಶಾಲೆಯ ಕಾರ್ಯದರ್ಶಿಗಳು ಸಭ್ಯರು. ಕೂರಿಸಿ, ಕಾಫಿ ತರಿಸಿ, ಆಮೇಲೆ ಹೇಳಿದರು: “ಮೇಡಂ, ನೀವಿಲ್ದೆ ಈ ಸ್ಕೂಲಿಲ್ಲ. ಆದ್ರೆ ರೂಲ್ಸ್ ನೋಡಿದ್ರೆ, ನೀವಿದ್ರೂ ಈ ಸ್ಕೂಲಿಲ್ಲ.”

“ಹಾಗಾದ್ರೆ ಏನ್ ಮಾಡ್ಲಿ ಸಾರ್?”

“ಕನಕಪುರದಲ್ಲಿ ಎರಡು ವರ್ಷದ ಡಿಗ್ರಿ ಕೋರ್ಸಿದೆ. ಸೇರ್ಕೊಳಿ. ಸಾಯಂಕಾಲ ಬಂದು ಎರಡು ಪೀರಿಯಡ್ ತಗೊಳಿ, ನಡೀತದೆ. ಎರಡು ವರ್ಷ ಆದ್ಮೇಲೆ ದೊಡ್ಡ ಇನ್‌ಸ್ಪೆಕ್ಷನ್ ಇದೆ. ಅಷ್ಟರಲ್ಲಿ ಪಾಸಾಗಿರ್ಬೇಕು.”

“ಒಂದು ಸಬ್ಜೆಕ್ಟ್ ಹೋದ್ರೆ?”

ಅವರು ಕಾಫಿ ಲೋಟದ ತಳ ನೋಡಿದರು. ಸಭ್ಯರು ಕೆಟ್ಟ ಸುದ್ದಿಯನ್ನು ಲೋಟದ ತಳಕ್ಕೆ ಹೇಳುತ್ತಾರೆ.

ಹೋದರೆ ಏನೆಂಬುದು ನನಗೂ ಗೊತ್ತಿತ್ತು. ಪಾಠ ಹೇಳುವ ಕೆಲಸ ಹೋಗುತ್ತದೆ. ಬೆಂಗಳೂರಿನ ಯಾವುದಾದರೂ ಆಸ್ಪತ್ರೆಯಲ್ಲಿ ವಾರ್ಡ್ ಕೆಲಸ, ಮೂರು ಪಾಳಿ, ಹಾಸ್ಟೆಲ್ಲಿನಲ್ಲಿ ಒಂದು ಮಂಚ. ಒಂದು ಮಂಚದ ಮೇಲೆ ತಾಯಿ ಮಗಳು ಸಂಸಾರ ಮಾಡಲಾಗುವುದಿಲ್ಲ. ಮಗಳು ಮಾಗಡಿ ಹತ್ತಿರದ ಹಳ್ಳಿಯಲ್ಲಿ ನನ್ನ ಅತ್ತೆಯ ಮನೆಯಲ್ಲಿರಬೇಕಾಗುತ್ತದೆ. ಯಜಮಾನರು ಹೋದಂದಿನಿಂದ ಅವಳೂ ನಾನೂ ಒಂದು ದಿನವೂ ಬೇರೆ ಬೇರೆ ಸೂರಿನಡಿ ಮಲಗಿದವರಲ್ಲ. ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದರೂ ಹಿಂದೆಯೇ ನಾನೂ ಗಂಟುಮೂಟೆ ಕಟ್ಟುತ್ತಿದ್ದೆ. ಒಂದು ಡಿಗ್ರಿಯ ಜೊತೆಗೆ ನಾನು ಬರೆಯಹೊರಟದ್ದು ಈ ಪರೀಕ್ಷೆಯನ್ನು.

ಅತ್ತೆ ಒಳ್ಳೆಯವರು. ಅವರ ಒಳ್ಳೆಯತನದ ಲಕ್ಷಣವೇನೆಂದರೆ ಅದು ತಡೆಯಿಲ್ಲದೆ ನುಗ್ಗುತ್ತದೆ.

“ಫೇಲಾದ್ರೆ ಕೂಸ್ನ ಇಲ್ಲಿ ಬುಡು ಕಣವ್ವ. ನೀನು ಬೆಂಗ್ಳೂರಲ್ಲಿ ಆ ಪಾಳಿ ಈ ಪಾಳಿ ಅಂತ ಸುತ್ತೋವಾಗ ಮಗೀನ ಯಾರ್ ನೋಡ್ಕತಾರೆ? ಕಿಟಕಿ ತಾವ ಮಂಚ ಹಾಕುಸ್ತೀನಿ. ಕಾಲೇಜ್ಗೆ ಮಾಗ್ಡಿಗೆ ಬಸ್ ಐತೆ.”

“ಅತ್ತೆ, ನಾನಿನ್ನೂ ಕೋರ್ಸಿಗೆ ಸೇರೇ ಇಲ್ಲ.”

“ಮದ್ವೆಗೆ ಮುಂಚೆ ಚಪ್ರ ಹಾಕಲ್ವಾ? ಹಂಗೆಯ.”

ನನ್ನ ಸೋಲಿಗೆ ಹೀಗೆ ಚಪ್ಪರ ಎದ್ದಿತು. ನಾನು ಒಪ್ಪಿಕೊಂಡೆ. ಒಂದು ಷರತ್ತು ಹಾಕಿದೆ: ಮಗಳಿಗೆ ಈಗಲೇ ಹೇಳಬಾರದು. ನನ್ನ ತರ್ಕ ಅಭೇದ್ಯವಾಗಿತ್ತು. ಪಾಸಾದರೆ ಹೇಳುವ ಅಗತ್ಯವೇ ಇಲ್ಲ. ಫೇಲಾದರೆ ಹೇಳದೆ ಗತಿಯಿಲ್ಲ. ಆದ್ದರಿಂದ ಮುಂಚೆ ಹೇಳಿ ಸಾಧಿಸುವುದೇನು? ಕಾರಿಡಾರಿನಲ್ಲಿ ನನ್ನ ಮೈದುನನ ಜೊತೆ ಪಿಸುಗುಟ್ಟಿದ ಡಾಕ್ಟರೂ ಇದೇ ತರ್ಕದವರಿರಬೇಕು. ಆದರೆ ಆಗ ಅದು ನನಗೆ ಹೊಳೆಯಲಿಲ್ಲ.

ಎರಡು ವರ್ಷ ನಾನು ಕನಕಪುರದ ಬಸ್ಸಿನಲ್ಲಿ ವಿದ್ಯಾರ್ಥಿನಿಯಾದೆ. ನಾನೇ ಪಾಸು ಮಾಡಿಸಿ ಕಳಿಸಿದ್ದ ಹುಡುಗಿಯೊಬ್ಬಳು ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ನಾನು ಕ್ಲಾಸಿಗೆ ಕಾಲಿಟ್ಟರೆ ಅಭ್ಯಾಸಬಲದಿಂದ ಎದ್ದು ನಿಲ್ಲುತ್ತಿದ್ದಳು; ಅವಳನ್ನು ನೋಡಿ ಉಳಿದವರೂ ಏಳುತ್ತಿದ್ದರು; ಪಾಠ ಹೇಳಲು ಬಂದ ನಿಜವಾದ ಮೇಡಂ ಇದು ತಮಗೆಂದು ತಿಳಿದು ಪ್ರಸನ್ನರಾಗುತ್ತಿದ್ದರು. ಹೀಗೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಮನೆಯಲ್ಲಿ ಅಭ್ಯಾಸಕ್ಕೆ ರೋಗಿ ಬೇಕಲ್ಲ. ಮಗಳೇ ರೋಗಿ. ಹತ್ತನೇ ಕ್ಲಾಸಿನ ಲೆಕ್ಕ ಮಾಡುತ್ತಾ ಎಡಗೈ ಚಾಚಿ ಕೂರುತ್ತಿದ್ದಳು. ನಾನು ಆ ಕೈಗೆ ಬ್ಯಾಂಡೇಜು ಸುತ್ತುತ್ತಿದ್ದೆ, ಬಿಚ್ಚುತ್ತಿದ್ದೆ, ಬಿ.ಪಿ. ನೋಡುತ್ತಿದ್ದೆ. ಆ ವರ್ಷದಲ್ಲಿ ಅವಳಷ್ಟು ಆರೈಕೆ ಪಡೆದ ಆರೋಗ್ಯವಂತೆ ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಒಮ್ಮೊಮ್ಮೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು.

“ಏನೇ?” ಎಂದರೆ,

“ಏನಿಲ್ಲ. ನೀನು ಏನೋ ಹೇಳ್ತೀಯೇನೋ ಅಂದ್ಕೊಂಡೆ” ಎನ್ನುತ್ತಿದ್ದಳು.

“ಬಿಗಿಯಾಯ್ತಾ?”

“ಇಲ್ಲ, ಸರಿಯಾಗಿದೆ.”

ಲೆಕ್ಕ ಮುಂದುವರಿಯುತ್ತಿತ್ತು.

ಕಡೆಯ ಪರೀಕ್ಷೆ ಸಮುದಾಯ ಆರೋಗ್ಯದ ಪ್ರಾಯೋಗಿಕ. ನಾನು ಹನ್ನೊಂದು ವರ್ಷ ಪಾಠ ಹೇಳಿದ ವಿಷಯ. ಬರಹದ ಪರೀಕ್ಷೆಗಳೆಲ್ಲ ಸುಸೂತ್ರವಾಗಿ ಮುಗಿದಿದ್ದರಿಂದ ಇದೊಂದು ಆಯಿತೆಂದರೆ ಕೆಲಸ ಉಳಿಯಿತು, ಮಗಳು ಉಳಿದಳು. ಪರೀಕ್ಷೆಯ ಸ್ಥಳ ಕೋಡಿಹಳ್ಳಿ ಕಡೆಯ ಒಂದು ಊರು. ಚೀಟಿ ಎತ್ತಬೇಕು, ಚೀಟಿಯಲ್ಲಿ ಬಂದ ಮನೆಗೆ ನರ್ಸಿಂಗ್ ಬ್ಯಾಗು ಹಿಡಿದು ಹೋಗಿ, ಅಲ್ಲಿಯ ರೋಗಿಯನ್ನು ನೋಡಿ, ಪ್ರೊಸೀಜರ್ ಮಾಡಿ ತೋರಿಸಬೇಕು. ಹೊರಗಿನಿಂದ ಬಂದ ಪರೀಕ್ಷಕಿ ಹಿಂದೆ ನಿಂತು ನೋಡುತ್ತಾರೆ. ಆಕೆ ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು. ಮುಖದಲ್ಲಿ ಯಾವ ಭಾವನೆಯೂ ಇರದಂತೆ ತರಬೇತಿ ಪಡೆದವರು. ನಾನೂ ಆ ತರಬೇತಿ ಪಡೆದವಳೇ ಆದ್ದರಿಂದ ಮೆಚ್ಚಿಕೊಂಡೆ.

ನನಗೆ ಬಂದ ಚೀಟಿ: ಒಬ್ಬ ಅಜ್ಜಿ, ಕಾಲಿನ ಮೇಲೆ ವಾಸಿಯಾಗದ ಹುಣ್ಣು, ಡ್ರೆಸ್ಸಿಂಗ್. ಇಷ್ಟು ಸುಲಭವೇ ಎಂದು ಒಳಗೊಳಗೇ ನಕ್ಕೆ. ಹಾಗೆ ನಗಬಾರದು.

ಮನೆಗೆ ಹೋಗಿ ಮಾಡುವ ಕೆಲಸಕ್ಕೆ ನಮ್ಮಲ್ಲಿ ಒಂದು ಪೂಜಾವಿಧಿ ಇದೆ. ಬ್ಯಾಗನ್ನು ನೆಲಕ್ಕೆ ತಾಗಿಸುವಂತಿಲ್ಲ. ಶುದ್ಧವಾದ ಜಾಗ ನೋಡಿ ನ್ಯೂಸ್‌ಪೇಪರ್ ಹಾಸಬೇಕು, ಅದರ ಮೇಲೆ ಬ್ಯಾಗು ಇಡಬೇಕು, ಸೋಪು ಟವೆಲು ತೆಗೆದು ಕೈ ತೊಳೆಯಬೇಕು, ಏಪ್ರನ್ ಕಟ್ಟಿಕೊಳ್ಳಬೇಕು, ಆಮೇಲೆ ಬೇಕಾದ ಸಾಮಾನು ಹೊರತೆಗೆದು ಬ್ಯಾಗು ಮುಚ್ಚಬೇಕು. ಒಂದು ಹಿಂದೆ ಮುಂದಾದರೂ ಅಂಕ ಹೋಗುತ್ತದೆ. ನಾನು ಬಸ್ಸಿನಿಂದ ಇಳಿದಾಗಿನಿಂದ ಇದನ್ನು ಸಹಸ್ರನಾಮದಂತೆ ತುಟಿಯಲ್ಲೇ ಜಪಿಸುತ್ತಿದ್ದೆ. ಜಪಿಸುತ್ತಲೇ ಹೊಸ್ತಿಲು ದಾಟಿದೆ. ಒಳಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಅಜ್ಜಿಯ ಪಕ್ಕ ಜಾಗ ನೋಡಿ ಪೇಪರ್ ಹಾಸಿದೆ. ಬ್ಯಾಗು ಇಟ್ಟೆ. ಬಾಗಿಲ ಬಳಿಯಿದ್ದ ಬಿಂದಿಗೆಯಿಂದ ನಾನೇ ನೀರು ಬಗ್ಗಿಸಿಕೊಂಡು ಕೈ ತೊಳೆದೆ. ಏಪ್ರನ್ ಕಟ್ಟಿದೆ.

ಅಜ್ಜಿ ಅಷ್ಟನ್ನೂ ನೋಡಿ ಹೇಳಿದರು: “ಯಾರವ್ವ ನೀನು? ಸೀದಾ ಒಳಕ್ಕೆ ಬಂದೆ, ಪೇಪರ್ ಹಾಸ್ದೆ, ಕೈ ತೊಳ್ಕಂಡೆ. ಊಟಕ್ಕೆ ಕುಂತ್ಕತೀಯಾ? ಮುದ್ದೆ ಇನ್ನೂ ಆಗಿಲ್ಲ ಕಣವ್ವ.”

ಕೇಳಿಸಿತು. ಆದರೆ ನನ್ನ ಜಪ ಆಗ ಡ್ರೆಸ್ಸಿಂಗ್ ಟ್ರೇಯ ಹತ್ತಿರ ಬಂದಿತ್ತು. ರೋಗಿ ಲವಲವಿಕೆಯಿಂದಿದ್ದಾರೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡು, ಶುದ್ಧ ಮಾಡಿದ ಬಟ್ಟೆಯ ಪೊಟ್ಟಣ ಬಿಚ್ಚಿದೆ. ಬಗ್ಗಿದೆ. ಎರಡೂ ಕೈಯಲ್ಲಿ ಅವರ ಪಾದ ಹಿಡಿದೆ.

“ಏ ಏ ಏ, ಏಳವ್ವ! ನಂಗ್ಯಾಕೆ ಬೀಳ್ತೀಯ ಕಾಲ್ಗೆ?” ಎಂದು ಅಜ್ಜಿ ಸರಕ್ಕನೆ ಕಾಲೆಳೆದುಕೊಂಡರು. ಟ್ರೇ ಓರೆಯಾಯಿತು. ಶುದ್ಧ ಬಟ್ಟೆಯೆಲ್ಲ ನೆಲದ ಮೇಲೆ, ಅಲ್ಲೇ ಕೆದಕುತ್ತಿದ್ದ ಕೋಳಿಯ ಮುಂದೆ ಬಿತ್ತು. ಕಾಲಿಗೆ ಬಿದ್ದವಳನ್ನು ಹರಸದೆ ಬಿಡುವುದು ಹಿರಿಯರಿಗೆ ಶೋಭೆಯಲ್ಲ. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, “ಮುತ್ತೈದೆಯಾಗಿ ನೂರ್ ಕಾಲ ಬಾಳವ್ವ” ಎಂದರು.

ಜಪ ನಿಂತುಹೋಯಿತು.

ಹನ್ನೊಂದು ವರ್ಷ ನಾನು ಇನ್ನೊಬ್ಬರು ಹೇಳುವುದನ್ನು ಕೇಳಿಸಿಕೊಂಡು ಅಂಕ ಹಾಕಿದವಳು. ಮರದ ಶಿಶುವಿಗೂ ಹೇಳಿಸಿದವಳು. ನನ್ನ ಸರದಿ ಬಂದಾಗ, ಮಾತು ಬರುವ, ಕಿವಿ ಕೇಳುವ, ಯಾರು ನೀನು ಎಂದು ಬಾಯಿಬಿಟ್ಟು ಕೇಳಿದ ಮನುಷ್ಯರಿಗೆ ಒಂದಕ್ಷರ ಹೇಳದೆ ಕಾಲಿಗೆ ಕೈ ಹಾಕಿದ್ದೆ. ಹಿಂದೆ ಪರೀಕ್ಷಕಿಯ ಪೆನ್ನು ಏನೋ ಬರೆಯಿತು. ಶುದ್ಧ ಬಟ್ಟೆ ನೆಲಕ್ಕೆ ಬಿದ್ದರೆ ನಮ್ಮ ಶಾಲೆಯಲ್ಲಿ ಎರಡು ಅಂಕದ ಮಾತಲ್ಲ. ನಾನು ಫೇಲ್ ಮಾಡುತ್ತಿದ್ದೆ. ಮಾಡಿದ್ದೇನೆ. ಮಾಗಡಿಯ ಕಿಟಕಿಯ ಪಕ್ಕದ ಮಂಚ ಕಣ್ಣ ಮುಂದೆ ಬಂತು.

ಇನ್ನು ಉಳಿಸಿಕೊಳ್ಳಲು ಏನೂ ಇಲ್ಲವೆನಿಸಿದಾಗ ಮನುಷ್ಯ ಸರಿಯಾದ ಕೆಲಸ ಮಾಡುತ್ತಾನೆ. ನಾನು ಅಜ್ಜಿಯ ಎದುರಿಗೆ ಕೂತುಕೊಂಡೆ.

“ಅವ್ವ, ತಪ್ಪಾಯ್ತು. ನಾನು ನರ್ಸು. ಬಂದಿದ್ದು ನಿಮ್ಮ ಕಾಲಿನ ಹುಣ್ಣು ತೊಳೆದು ಕಟ್ಟೋಕೆ. ಇವರು ನನಗೆ ಪರೀಕ್ಷೆ ಮಾಡ್ತಿದ್ದಾರೆ. ಹಳೇ ಕಟ್ಟು ಬಿಚ್ಚುವಾಗ ಒಸಿ ನೋವಾಗುತ್ತೆ, ಔಷಧಿ ಹಾಕಿದಾಗ ಉರಿಯುತ್ತೆ. ಬೇಡ ಅನ್ನಿಸಿದ್ರೆ ಹೇಳಿ, ನಿಲ್ಲಿಸ್ತೀನಿ. ಮಾಡ್ಲಾ?”

“ಇದ್ನ ಮೊದ್ಲೇ ಯೋಳಿದ್ರೆ ಆಗ್ತಿರ್ಲಿಲ್ವಾ? ಮಾಡವ್ವ, ಮಾಡು” ಎಂದು ಅಜ್ಜಿ ಕಾಲು ಮುಂದಕ್ಕೆ ಚಾಚಿದರು. ನಾನು ಮತ್ತೆ ಕೈ ತೊಳೆದೆ. ಬ್ಯಾಗಿನಿಂದ ಇನ್ನೊಂದು ಪೊಟ್ಟಣ ತೆಗೆದೆ. ಒಂದರ ಜೊತೆಗೆ ಒಂದು ಹೆಚ್ಚಿಗೆ ಇಟ್ಟಿರಬೇಕೆಂದು ಹುಡುಗಿಯರಿಗೆ ಹೇಳಿ ಹೇಳಿ, ನನಗೂ ಅಷ್ಟು ಮಾತ್ರ ಅಂಟಿಕೊಂಡಿತ್ತು.

“ಗಂಡ ಏನ್ ಮಾಡ್ತಾನೆ?” ಅಜ್ಜಿ ಕೇಳಿದರು. ಉರಿ ಮರೆಯಲು ಮಾತು ಬೇಕು. ಅದನ್ನೂ ಪಾಠ ಹೇಳಿದ್ದೇನೆ.

“ತೀರ್ಕೊಂಡು ಒಂಬತ್ತು ವರ್ಷ ಆಯ್ತು ಅವ್ವ.”

“ಅಯ್ಯೋ ಶಿವನೇ! ಏನೋ ಹರಸ್ಬುಟ್ನಲ್ಲ ನಾನು.”

“ನಾನು ಮೊದ್ಲೇ ಹೇಳಿದ್ರೆ ನೀವು ಹರಸ್ತಿರ್ಲಿಲ್ಲ. ತಪ್ಪು ನಂದು.”

“ಮಕ್ಳು?”

“ಒಬ್ಳೇ ಮಗಳು.”

ಅಜ್ಜಿ ಒಂದು ಗಳಿಗೆ ಯೋಚಿಸಿದರು. ಕೊಟ್ಟ ಹರಕೆಯನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ಇಲ್ಲವಷ್ಟೆ. “ಹಂಗಾರೆ ಅದು ಅವ್ಳ್‌ಗೆ ಓಯ್ತದೆ ಬುಡು. ಮನೆಗೋಗಿ ಯೋಳ್ಬುಡು, ಕೋಡಳ್ಳಿ ಕಡೆ ಒಬ್ಳು ಮುದ್ಕಿ ಹಿಂಗಂದ್ಲು ಅಂತ. ಮಕ್ಳ ತಾವ ಏನೂ ಮಡಿಕ್ಕಬ್ಯಾಡ.”

ಕಟ್ಟು ಮುಗಿದಾಗ ಪರೀಕ್ಷಕಿ ಮೊದಲ ಬಾರಿಗೆ ಬಾಯಿ ತೆರೆದರು. “ನೀವು ಟೀಚರ್ ಅಂತೆ?”

“ಹೌದು.”

“ಮೊದಲ ಹಂತ ಬಿಟ್ರಿ.”

“ಬಿಟ್ಟೆ. ಎರಡು ಮಾರ್ಕ್ಸ್ ತೆಗೀಬೇಕು.”

“ತೆಗೆದಿದ್ದೀನಿ” ಎಂದರು. ಮುಂದಿನ ಮನೆಗೆ ನಡೆದರು. ಅಜ್ಜಿ ನಾನು ಹಾಸಿದ್ದ ಪೇಪರನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ನಮ್ಮ ವಿಧಿಯ ಪ್ರಕಾರ ಅದು ಹಾಗೆ ಬಿಟ್ಟು ಬರುವ ವಸ್ತುವಲ್ಲ. ವಾಪಸು ಕೇಳುವ ಧೈರ್ಯ ನನಗಿರಲಿಲ್ಲ.

ಬಸ್ಸಿನಲ್ಲಿ ರಾಮನಗರದವರೆಗೂ ಅಜ್ಜಿಯ ಆ ಕೊನೆಯ ಮಾತು ಕೊರೆಯುತ್ತಿತ್ತು. ಹರಕೆಯನ್ನು ಹೇಳುವುದು ಕಷ್ಟವಲ್ಲ. ಮಗಳಿಗೆ ಹೇಳದೆ ನಾನು ಮಡಿಕ್ಕೊಂಡದ್ದು ಬೇರೆಯೇ ಇತ್ತಲ್ಲ. ಮನೆಗೆ ಬಂದಾಗ ಮಗಳು ಅವಲಕ್ಕಿ ನೆನೆಸಿಟ್ಟು ಕಾಯುತ್ತಿದ್ದಳು. “ಹೇಗಾಯ್ತು?” ಎಂದಳು.

“ಕೂತ್ಕೋ. ನಿನಗೊಂದು ವಿಷಯ ಹೇಳ್ಬೇಕು. ಸ್ವಲ್ಪ ನೋವಾಗುತ್ತೆ” ಎಂದೆ. ಅಷ್ಟು ವರ್ಷ ಕಲಿಸಿದ ವಾಕ್ಯ. ಅದಕ್ಕಿಂತ ಬೇರೆ ವಾಕ್ಯ ಬರಲಿಲ್ಲ. ನಿಯಮ, ಕೆಲಸ, ಬೆಂಗಳೂರಿನ ವಾರ್ಡು, ಮಾಗಡಿ, ಎಲ್ಲ ಹೇಳಿದೆ. ನೆಲಕ್ಕೆ ಬಿದ್ದ ಬಟ್ಟೆಯನ್ನೂ ಹೇಳಿದೆ. ಬಹುಶಃ ಫೇಲಾಗುತ್ತೇನೆ ಎಂದೂ ಹೇಳಿದೆ.

ಅವಳು ಅವಲಕ್ಕಿಯ ತಟ್ಟೆಯನ್ನೇ ನೋಡುತ್ತಿದ್ದಳು. “ಗೊತ್ತು” ಎಂದಳು.

“ಏನು ಗೊತ್ತು?”

“ಎಲ್ಲ. ಹೋದ ವರ್ಷ ಬೇಸಿಗೇಲೇ ಮಾಗಡಿ ಅಜ್ಜಿ ಹೇಳಿದ್ರು. ಮಂಚಾನೂ ತೋರಿಸಿದ್ರು. ನಿಮ್ಮಮ್ಮಂಗೆ ಹೇಳ್ಬೇಡ ಅಂದ್ರು.”

ಅತ್ತೆಯ ಬಾಯಿಗೆ ಷರತ್ತು ಹಾಕಿದ್ದು ನನ್ನ ಮೂರ್ಖತನ. ಆದರೆ ಆಗ ನಗು ಬರಲಿಲ್ಲ. ಒಂದು ವರ್ಷ ಇವಳು ಈ ಸುದ್ದಿಯನ್ನು ಒಬ್ಬಳೇ ಹೊತ್ತುಕೊಂಡು ನನ್ನ ಮುಂದೆ ಕೈ ಚಾಚಿ ಕೂತಿದ್ದಳು.

“ಮತ್ತೆ ನನ್ನ ಕೇಳ್ಬಾರ್ದಿತ್ತಾ?”

“ನಾನ್ಯಾಕೆ ಕೇಳ್ಬೇಕು? ನೀನು ಹೇಳ್ಬೇಕು.” ಈಗ ಅವಳ ಕಣ್ಣಲ್ಲಿ ನೀರು ಬಂತು, ದನಿ ಮಾತ್ರ ಗಟ್ಟಿಯಾಗಿತ್ತು. “ದಿನಾ ಬ್ಯಾಂಡೇಜ್ ಕಟ್ಟುವಾಗ ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ಆ ಮರದ ಬೊಂಬೆಗೂ ಹೇಳಿಸ್ತೀಯ. ನಾನು ಅದಕ್ಕಿಂತ ಕಡೆಯಾದ್ನಾ?”

ನಾನು ಸೆರಗು ಚಾಚಿದೆ. ಅವಳು ಅದರಲ್ಲೇ ಮೂಗೊರೆಸಿಕೊಂಡು, “ನಿನಗೆ ಎಷ್ಟು ಮಾರ್ಕ್ಸ್ ಕಟ್ ಮಾಡ್ಲಿ?” ಎಂದಳು.

“ಇವತ್ತು ಎರಡು ಆಗ್ಲೇ ಹೋಗಿದೆ.”

“ಅದು ಅವರದು. ನಂದು ಬೇರೆ.”

ಅವಳು ಎಷ್ಟು ಕಡಿದಳೆಂದು ಇವತ್ತಿಗೂ ಹೇಳಿಲ್ಲ. ಆದರೆ ಆ ಸಂಜೆ ಅವಲಕ್ಕಿ ಮುಗಿಯುವಷ್ಟರಲ್ಲಿ ಇಬ್ಬರೂ ಕೂತು ಫೇಲಾದರೆ ಏನು ಮಾಡುವುದೆಂದು ತೀರ್ಮಾನ ಮಾಡಿದೆವು. ಮಾಗಡಿಗೆ ಹೋಗಬೇಕಾದರೆ ಹೋಗುತ್ತಾಳೆ. ರಜೆಯ ದಿನವೆಲ್ಲ ನಾನು ಅಲ್ಲಿರಬೇಕು. ಮತ್ತೆ ಪರೀಕ್ಷೆ ಕಟ್ಟಿ ವಾಪಸು ಬರಬೇಕು. ಎರಡು ವರ್ಷದಿಂದ ನನ್ನ ಎದೆಯ ಮೇಲೆ ಬಿದ್ದುಕೊಂಡಿದ್ದ ಬಂಡೆ, ಹೇಳಿ ನೋಡಿದರೆ, ನಾಲ್ಕು ವಾಕ್ಯದ್ದು. ಹರಕೆಯನ್ನೂ ಹೇಳಿದೆ. “ನೂರ್ ಕಾಲ ಜಾಸ್ತಿಯಾಯ್ತು” ಎಂದಳು.

ಫಲಿತಾಂಶ ಬಂದ ದಿನ ಇಬ್ಬರೂ ಕನಕಪುರಕ್ಕೆ ಹೋದೆವು. ನೋಟೀಸ್ ಬೋರ್ಡಿನ ಮುಂದೆ ಗುಂಪು. ನನ್ನ ಕನ್ನಡಕ ಮನೆಯಲ್ಲೇ ಉಳಿದಿತ್ತು. ಇಂಥ ಸಂದರ್ಭದಲ್ಲಿ ಕನ್ನಡಕಗಳು ಮನೆಯಲ್ಲೇ ಇರುತ್ತವೆ. ಮಗಳು ಸಂದಿಯಲ್ಲಿ ನುಗ್ಗಿ ಹೋದಳು. ಅವಳ ಜಡೆ ಮಾತ್ರ ಕಾಣುತ್ತಿತ್ತು. ಜಡೆ ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಆಮೇಲೆ ತಿರುಗಿತು.

“ಅಮ್ಮ, ಈಗ ಒಂದು ವಿಷಯ ಹೇಳ್ತೀನಿ. ನೋವಾಗಲ್ಲ.”

ಎಲ್ಲ ಪಾಸಾಗಿತ್ತು. ಸಮುದಾಯ ಆರೋಗ್ಯದಲ್ಲಿ ಬಂದಿದ್ದು ನಾನೇ ಪರೀಕ್ಷಕಿಯಾಗಿದ್ದರೆ ಕೊಡುತ್ತಿದ್ದುದಕ್ಕಿಂತ ಹೆಚ್ಚು. ಆ ಪರೀಕ್ಷಕಿ ಕರುಣೆಯಿಂದ ಕೊಟ್ಟರೋ, ಎರಡನೇ ಪೊಟ್ಟಣಕ್ಕೆ ಕೊಟ್ಟರೋ, ನಂತರದ ಮಾತಿಗೆ ಕೊಟ್ಟರೋ ಗೊತ್ತಿಲ್ಲ. ಅಲ್ಲಿಂದಾಚೆಗೆ ನನ್ನ ಶಾಲೆಯಲ್ಲಿ ಒಂದು ತಿದ್ದುಪಡಿ ಬಂತು: ಮೊದಲು ಮರೆತು, ಮಧ್ಯದಲ್ಲಿ ನೆನಪಾಗಿ, ತಪ್ಪೊಪ್ಪಿಕೊಂಡು ಹೇಳಿದವರಿಗೆ ಒಂದು ಅಂಕ ವಾಪಸು. ಹುಡುಗಿಯರು ನನಗೆ ವಯಸ್ಸಾಯಿತೆಂದುಕೊಂಡರು.

ಬಸ್ ಸ್ಟ್ಯಾಂಡಿನ ಬೂತಿನಿಂದ ಮಾಗಡಿಯ ಕಡೆಗೆ ಫೋನ್ ಮಾಡಿದೆ.

“ಪಾಸಾದೆ ಅತ್ತೆ.”

“ಒಳ್ಳೇದಾಯ್ತು ಕಣವ್ವ, ಭಾಳ ಒಳ್ಳೇದಾಯ್ತು” ಎಂದರು. ಆಮೇಲೆ ದನಿ ತಗ್ಗಿಸಿದರು. “ಮಂಚ ತಂದ್ಬುಟ್ಟಿದ್ನಲ್ಲ.”

ಆ ದನಿ ಕೇಳಿದಾಗ ನನಗೆ ತಿಳಿಯಿತು, ಚಪ್ಪರ ಹಾಕಿದವರಿಗೂ ಒಂದು ಆಸೆ ಇತ್ತು ಎಂದು. ಮಗ ಹೋದ ಮನೆ. ಮೊಮ್ಮಗಳಾದರೂ ಕಿಟಕಿಯ ಪಕ್ಕ ಮಲಗಲಿ ಎಂದು. ಅವರಿಗೂ ನಾನು ಏನನ್ನೂ ಕೇಳಿರಲಿಲ್ಲ, ಹೇಳಿರಲಿಲ್ಲ. “ಮಂಚ ಸುಮ್ನೆ ಯಾಕೆ ಬಿದ್ದಿರ್ಬೇಕು ಅತ್ತೆ? ಅದನ್ನೂ ತಗೊಂಡು ನೀವೇ ಬನ್ನಿ” ಎಂದೆ. ಬಾಯಿಮಾತಿಗೆ ಅಂದದ್ದಲ್ಲ, ಆದರೆ ಅವರು ಅಷ್ಟು ಬೇಗ ಬರುತ್ತಾರೆಂದೂ ಅಂದುಕೊಂಡಿರಲಿಲ್ಲ. ಮುಂದಿನ ವಾರವೇ ಮಾಗಡಿ ಬಸ್ಸಿನ ಟಾಪಿನ ಮೇಲೆ, ಎರಡು ಮೂಟೆ ರಾಗಿಯ ಪಕ್ಕ, ನಾಲ್ಕೂ ಕಾಲು ಆಕಾಶಕ್ಕೆತ್ತಿಕೊಂಡು ಮಂಚ ರಾಮನಗರಕ್ಕೆ ಬಂದಿತು. ಒಳಗೆ ಅತ್ತೆ ಕಂಡಕ್ಟರಿಗೆ ಗದರುತ್ತಾ ಬಂದರು: “ನಿಧಾನಕ್ಕೆ ಇಳಿಸ್ಲಾ, ಹೊಸ ಮಂಚ!”

ಬಂದವರು ಹಬ್ಬಕ್ಕೊಮ್ಮೆ ಊರಿಗೆ ಹೋಗಿ ಬರುವುದು ಬಿಟ್ಟರೆ ನಮ್ಮಲ್ಲೇ ಉಳಿದರು. ನಡುಮನೆಯ ಕಿಟಕಿಯ ಪಕ್ಕ ಮಂಚ. ಮಂಚದ ಮೇಲೆ ಅತ್ತೆ. ಅವರಿಗೆ ರಕ್ತದೊತ್ತಡ ಇರುವುದು ಪತ್ತೆಯಾದದ್ದೂ ಅಲ್ಲೇ. ವಾರಕ್ಕೊಮ್ಮೆ ನಾನು ಯಂತ್ರ ಹಿಡಿದು ಪಕ್ಕದಲ್ಲಿ ಕೂರುತ್ತೇನೆ. ಲೆಕ್ಕದ ಪುಸ್ತಕದಿಂದ ತಲೆಯೆತ್ತಿ ಮಗಳು ಕಾಯುತ್ತಾಳೆ. ಆ ಎರಡು ಅಂಕ ಈಗ ಅವಳ ವಶದಲ್ಲಿವೆ.

“ಅತ್ತೆ, ಈಗ ನಿಮ್ಮ ಬಿ.ಪಿ. ನೋಡ್ತೀನಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬ್ತೀನಿ, ಒಂದು ನಿಮಿಷ ಬಿಗಿಯಾಗುತ್ತೆ, ಆಮೇಲೆ ಬಿಡ್ತೀನಿ. ನಿಮ್ಮ ಒಪ್ಪಿಗೆ ಇದ್ರೆ...”

“ನೋಡ್ಬಾರ್ದಾ ತಾಯಿ!” ಎನ್ನುತ್ತಾರೆ ಅತ್ತೆ. “ನಿನ್ ಭಾಷಣ ಮುಗಿಯೋ ಹೊತ್ಗೆ ಅದು ಇನ್ನೂ ಏರ್ತದೆ.”